ಹಲ್ಲು ಕಡಿದದ್ದು ಯಾರ ಮೇಲೆ

ಮದುವೆಯಾದ ದಿನದಿಂದ ಈವರೆಗೆ ನಾನು ಒಂದು ಚಿಟಿಕೆ ನಿದ್ದೆ ಮಾಡಿದವನಲ್ಲ; ಆದರೂ ನನ್ನ ಬಾಯಿಂದ ಒಂದೇ ಒಂದು ಆಕಳಿಕೆ ಹೊರಟದ್ದನ್ನು ಕಂಡವರು ಯಾರಾದರೂ ಇದ್ದರೆ ಎದುರಿಗೆ ಬಂದು ಹೇಳಲಿ, ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ. ಕಾರಣ ನನ್ನ ಹೆಂಡತಿಯ ಹಲ್ಲು. ಅವಳು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ. ಹಾಗೆ ಕಡಿಯುವವರು ಲೋಕದಲ್ಲಿ ಬೇಕಾದಷ್ಟು ಜನ ಇರಬಹುದು, ಆದರೆ ಅವರದ್ದೆಲ್ಲ ಇಲಿ ಕಾಗದ ಕಡಿದ ಹಾಗೆ, ನನ್ನವಳದ್ದು ಕಲ್ಲುಗಣಿ. ಅವಳು ಎಡಮಗ್ಗುಲಿಗೆ ಹೊರಳಿ ದವಡೆ ಬಿಗಿದಳೆಂದರೆ ಕಪಾಟಿನ ಲೋಟಗಳು ಒಂದನ್ನೊಂದು ತಬ್ಬಿಕೊಂಡು ನಡುಗುತ್ತವೆ, ಮೇಲಿನ ಮನೆಯ ನಿವೃತ್ತ ನ್ಯಾಯಾಧೀಶರು ಮಂಚದ ಮೇಲೆ ಎದ್ದು ಕುಳಿತು ಮುಂದಿನ ಸಾಕ್ಷಿಯನ್ನು ಕರೆಯಿರಿ ಎನ್ನುತ್ತಾರೆ, ಬೀದಿನಾಯಿಗಳು ತಮ್ಮ ಜಗಳವನ್ನು ನಾಳೆಗೆ ಮುಂದೂಡಿ ಮನೆಗೆ ಹೋಗುತ್ತವೆ. ಬೀದಿನಾಯಿಗೆ ಮನೆ ಎಲ್ಲಿಯದು ಎಂದು ಕೇಳುವವರು ಕೇಳಲಿ. ಆ ಸದ್ದಿಗೆ ಹೆದರಿ ಅವೂ ಒಂದೊಂದು ಮನೆ ಹುಡುಕಿಕೊಂಡಿವೆ.

ಇದನ್ನೆಲ್ಲ ನಾನು ಅಳತೆ ತಪ್ಪಿ ಹೇಳುತ್ತಿಲ್ಲ. ಅಳತೆಯೇ ನನ್ನ ಕಸುಬು. ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಮಸೆಯುವವನು ನಾನು. ತಿರುಗುವ ಚಕ್ರ, ಅದರ ಮೇಲೆ ತೊಟ್ಟಿಕ್ಕುವ ನೀರು, ಚಕ್ರಕ್ಕೆ ಅಂಚು ತಾಗಿಸಿ ಹಿಡಿದ ಗಾಜು. ಹದ ಬಂದದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಕರಕರ ಎನ್ನುತ್ತಿದ್ದದ್ದು ಸರಸರ ಎನ್ನುತ್ತದೆ, ಆಮೇಲೆ ಗಾಜೇ ನಿಟ್ಟುಸಿರು ಬಿಟ್ಟಂತೆ ಒಂದು ಸುಯ್. ಊರಿನ ಅರ್ಧ ಜನ ನನ್ನ ಕಿವಿಯ ದಯೆಯಿಂದ ಪತ್ರಿಕೆ ಓದುತ್ತಾರೆ. ಇನ್ನರ್ಧ ಬೇರೆ ಅಂಗಡಿಗೆ ಹೋಗಿ ಕಣ್ಣು ಕೆಡಿಸಿಕೊಂಡವರು. ಇಂಥ ಕಿವಿ ದಿಂಬಿನ ಮೇಲಿಟ್ಟ ಮಾತ್ರಕ್ಕೆ ಸುಮ್ಮನಿದ್ದೀತೇ? ನನ್ನ ಹೆಂಡತಿ ನಗರದ ಬಸ್ಸು ಓಡಿಸುತ್ತಾಳೆ. ಹಗಲು ಕೈಯಲ್ಲಿ ಓಡಿಸಿದ ಬಸ್ಸನ್ನೇ ರಾತ್ರಿ ಹಲ್ಲಿನಲ್ಲಿ ಓಡಿಸುತ್ತಾಳೆ ಎಂಬುದನ್ನು ಕಂಡುಹಿಡಿದವನು ನಾನು. ಮೇಲ್ಸೇತುವೆ ಏರುವಾಗ ಎರಡನೇ ಗೇರಿನ ಉದ್ದನೆಯ ಕಡಿತ, ಆಸ್ಪತ್ರೆಯ ತಿರುವಿನಲ್ಲಿ ಚಿಕ್ಕವು ಒಂದೆರಡು, ನದಿಯ ಕಡೆಗೆ ಇಳಿಯುವಾಗ ಬರೀ ಉಸಿರು. ಬೆಳಗಿನ ಕಾಫಿಯ ಹೊತ್ತಿಗೆ ನಾನು ವರದಿ ಒಪ್ಪಿಸುತ್ತೇನೆ: ನಿನ್ನೆ ಮಾರುಕಟ್ಟೆಯ ಹತ್ತಿರ ಒಬ್ಬ ಸ್ಕೂಟರಿನವನು ಅಡ್ಡ ಬಂದ, ನೀನು ಅವನ ಮುತ್ತಾತನವರೆಗೂ ಹೋಗಿ ಜಾಲಾಡಿಸಿ ಬಂದೆ, ಆ ಸಿಟ್ಟಿನಲ್ಲಿ ಶಾಲೆಯ ಮುಂದೆ ನಿಲ್ಲಿಸದೆ ಹೊರಟುಬಿಟ್ಟೆ, ಮಕ್ಕಳು ಪಾಪ ಚೀಲ ತಲೆಯ ಮೇಲಿಟ್ಟುಕೊಂಡು ಮಳೆಯಲ್ಲಿ ನಿಂತೇ ಇವೆ. ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ನಗುತ್ತಿದ್ದಳು. ನಕ್ಕರೆ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ ಹಲ್ಲಿನ ಹೆಗಲ ಮೇಲೆ ಕೈ ಹಾಕಿ ನಿಂತಿರುವುದು ಕಾಣುತ್ತದೆ. ಆ ಒಂದು ಹಲ್ಲಿಗಾಗಿಯೇ ನಾನು ಮದುವೆಯಾದದ್ದು; ಉಳಿದವು ಅದರ ಜೊತೆ ಬಂದವು.

ಇವತ್ತು ಬೆಳಗ್ಗೆ ಮಾತ್ರ ನಗಲಿಲ್ಲ. ವರದಿ ಇನ್ನೂ ಮೇಲ್ಸೇತುವೆ ದಾಟಿರಲಿಲ್ಲ, ಅವಳು ಎದ್ದು ಹೋಗಿ ಮಂಚದ ಮೇಲಿನ ತನ್ನ ಕಡೆಯ ಹಾಸಿಗೆಯನ್ನು ಸುತ್ತತೊಡಗಿದಳು. ಬಿಸಿಲಿಗೆ ಹಾಕುತ್ತಾಳೇನೋ ಎಂದುಕೊಂಡು ನಾನೂ ಹೋಗಿ ಇನ್ನೊಂದು ತುದಿ ಹಿಡಿದುಕೊಂಡೆ. ಹಜಾರ ದಾಟಿ ಅವಳು ಎಡಕ್ಕೆ ತಿರುಗಿದಾಗ ನಾನೂ ತಿರುಗಿದೆ. ಎಡಕ್ಕೆ ಇರುವುದು ಇಸ್ತ್ರಿ ಮೇಜು, ಚಕ್ರ ಮುರಿದ ಸೂಟ್‌ಕೇಸು, ಓಡದ ಹೊಲಿಗೆ ಯಂತ್ರಗಳ ಚಿಕ್ಕ ಕೋಣೆ. ಹಾಸಿಗೆ ನೆಲಕ್ಕೆ ಬಿದ್ದು ಧೂಳೆದ್ದ ಮೇಲೆಯೇ ನನಗೆ ಹೊಳೆದದ್ದು, ನನ್ನನ್ನು ಬಿಟ್ಟುಹೋಗುವುದಕ್ಕೆ ನಾನೇ ಕೈ ಜೋಡಿಸಿದ್ದೇನೆ ಎಂದು.

"ಇವತ್ತಿಂದ ನಾನು ಇಲ್ಲೇ ಮಲಗ್ತೀನಿ," ಎಂದಳು. "ನೀನಾದ್ರೂ ನಿದ್ದೆ ಮಾಡು."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು; ಅವಳು ಕರುಣೆಯಿಂದ ಹೇಳಿದಳು. ಡಿಪೋದಲ್ಲಿ ಅವಳಿಗೆ ಗಿರಣಿ ಎಂದು ಹೆಸರಿಟ್ಟಿದ್ದಾರಂತೆ. ಗೇಟಿನೊಳಗೆ ಬಸ್ಸು ತಿರುಗಿಸಿದರೆ ಸಾಕು, ಗಿರಣಿ ಬಂತು ಹಿಟ್ಟಿನ ಡಬ್ಬ ತನ್ನಿ ಎನ್ನುತ್ತಾರಂತೆ. ಹೆಸರು ಎಲ್ಲಿಂದ ಹೊರಟಿತು ಎಂದು ಹುಡುಕಲು ಪತ್ತೇದಾರ ಬೇಡ. ನಮ್ಮ ಅಂಗಡಿಯಲ್ಲಿ ಗಾಜಿಗೆ ಫ್ರೇಮು ಜೋಡಿಸುವವನೊಬ್ಬ ಇದ್ದಾನೆ, ಎಲ್ಲರೂ ಅವನನ್ನು ಸ್ಕ್ರೂ ಎನ್ನುತ್ತೇವೆ; ಅವನು ದಿನಾ ಅವಳ ಬಸ್ಸಿನಲ್ಲೇ ಓಡಾಡುವವನು, ನನ್ನ ಬಾಯಿಂದ ಬಿದ್ದದ್ದನ್ನು ನೆಲಕ್ಕೆ ಮುಟ್ಟಿಸದೆ ಡಿಪೋಗೆ ಮುಟ್ಟಿಸಿದ್ದಾನೆ. ಹೆಸರಿನ ಬಗ್ಗೆ ಅವಳಿಗೆ ಬೇಸರವಿಲ್ಲ. "ಜನ ನಗ್ಲಿ ಬಿಡು," ಎಂದಳು. "ಆದ್ರೆ ನನ್ನಿಂದ ಒಬ್ಬ ಮನುಷ್ಯ ವರ್ಷಗಟ್ಲೆ ನಿದ್ದೆಗೆಟ್ಟಿದಾನೆ ಅಂದ್ರೆ ನಂಗೆ ತುತ್ತು ಇಳಿಯಲ್ಲ." ನಾನು ಬಾಯಿ ತೆರೆದೆ. ನಾಲಗೆಯ ತುದಿಯಲ್ಲಿ ಒಂದು ಮಾತು ಬಂದು ನಿಂತಿತ್ತು. ತೀರ ಸಣ್ಣ ಮಾತು, ಸಣ್ಣ ಮಾತಾಡಿ ನನಗೆ ಅಭ್ಯಾಸವಿಲ್ಲ. ನಿನ್ನೆ ಅಷ್ಟೇನೂ ಇರಲಿಲ್ಲ, ಮೇಲ್ಸೇತುವೆ ಒಂದೇ, ಅದೂ ಖಾಲಿ ಬಸ್ಸು ಎಂದು ಚೌಕಾಸಿಗೆ ಇಳಿದೆ. ಅವಳು ನನ್ನ ಕೆನ್ನೆ ತಟ್ಟಿ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೋದಳು.

ಅವಳ ಕಡೆಯ ಮಂಚದ ಹಲಗೆಗಳು ಪಕ್ಕೆಲುಬಿನಂತೆ ಕಾಣುತ್ತಿದ್ದವು. ಅದರ ಮೇಲೆ ಕೈಯಾಡಿಸುತ್ತ ಕುಳಿತೆ. ಈ ಹಲ್ಲು ಕಡಿಯುವುದು ಎಂಬ ಮಾತಿನ ಹಣೆಬರಹವೇ ಸರಿಯಿಲ್ಲ. ಕೆಮ್ಮಿದರೆ ಯಾರ ಮೇಲೆ ಕೆಮ್ಮಿದೆ ಎಂದು ಯಾರೂ ಕೇಳುವುದಿಲ್ಲ. ಗೊರಕೆ ಹೊಡೆದರೆ ಯಾರ ಮೇಲಪ್ಪಾ ಎನ್ನುವುದಿಲ್ಲ. ಹಲ್ಲು ಕಡಿದರೆ ಮಾತ್ರ ಎದುರಿಗೊಬ್ಬ ಶತ್ರು ಇರಲೇಬೇಕು. ಮದುವೆಯ ಹೊಸತರಲ್ಲಿ ಅತ್ತೆಯ ಮುಂದೆ ಏನೋ ಮುದ್ದಿನ ದೂರು ಹೇಳುವವನಂತೆ ಈ ಸಂಗತಿ ಹೇಳಿದ್ದೆ. ಅತ್ತೆ ಬಟಾಣಿ ಬಿಡಿಸುತ್ತಿದ್ದರು. ಹೆತ್ತಾಗಿನಿಂದ ಒಂದು ದಿನ ಹಲ್ಲು ಕಡಿದವಳಲ್ಲ ನನ್ನ ಮಗಳು, ಈಗ ಯಾರ ಮೇಲೋ ಏನೋ ಎಂದು ಹೇಳಿ, ನನ್ನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ, ಮತ್ತೆ ಬಟಾಣಿಗೆ ಮರಳಿದರು. ಆ ಮಾತು ಬಟಾಣಿ ಕಾಳಿನಂತೆ ಇವತ್ತಿಗೂ ನನ್ನ ಹಾಸಿಗೆಯ ಕೆಳಗೆ ಒತ್ತುತ್ತಲೇ ಇದೆ. ಯಾರ ಮೇಲೆ? ಡಿಪೋದ ಮೇಲ್ವಿಚಾರಕನ ಮೇಲೆ ಇರಬಹುದು, ಚಿಲ್ಲರೆ ಇಲ್ಲದೆ ಹತ್ತುವವರ ಮೇಲೆ ಇರಬಹುದು. ಆದರೆ ಅವರು ಯಾರೂ ಅವಳ ಪಕ್ಕದಲ್ಲಿ ಮಲಗುವುದಿಲ್ಲ. ಒಮ್ಮೆ ನನ್ನ ಶಾಲೆಯ ಗೆಳೆಯರೆಲ್ಲ ಸೇರಿದ್ದಾಗ, ಕೈಗೆ ದಪ್ಪ ಗಡಿಯಾರ ಕಟ್ಟಿದವನೊಬ್ಬ ನಿನ್ನ ಮನೆಯವರು ಏನು ಮಾಡ್ತಾರೆ ಎಂದು ಕೇಳಿದ. ಬಸ್ಸು ಓಡಿಸ್ತಾಳೆ ಎನ್ನದೆ, ಸಾರಿಗೆ ಇಲಾಖೆಯಲ್ಲಿದಾರೆ, ಎಂದೆ. ಅವಳು ಪಕ್ಕದಲ್ಲೇ ನಿಂತಿದ್ದಳು, ತಟ್ಟೆ ಹಿಡಿದುಕೊಂಡು. ಇಲಿಯನ್ನು ಆನೆ ಮಾಡುವ ನಾನು, ಹಾಗೆ ಮಾಡುವ ಅಗತ್ಯವೇ ಇಲ್ಲದ ಒಂದೇ ಒಂದು ಆನೆಯನ್ನು ಇಲಿ ಮಾಡಿದ್ದೆ. ಅವಳು ತಿನ್ನುತ್ತಿದ್ದದ್ದನ್ನು ನಿಧಾನವಾಗಿ, ಬಹಳ ನಿಧಾನವಾಗಿ ಅಗಿದಳು.

ಅಂಗಡಿಯಲ್ಲಿ ಕೈ ನನ್ನ ಮಾತು ಕೇಳಲಿಲ್ಲ. ಒಬ್ಬ ನಿವೃತ್ತ ಶಿಕ್ಷಕಿಯ ಗಾಜನ್ನು ಕಾಲು ಸುತ್ತು ತಿರುಗಿಸಿ ಮಸೆದುಬಿಟ್ಟೆ. ಅದನ್ನು ಹಾಕಿಕೊಂಡು ಅವರು ಬಾಗಿಲಾಚೆ ನೋಡಿ, ದೀಪದ ಕಂಬಗಳೆಲ್ಲ ಯಾಕೆ ಬಗ್ಗಿ ಚಪ್ಪಲಿ ಹುಡುಕ್ತಿವೆ ಎಂದು ಕೇಳಿದರು. ಸಿಡುಕಲಿಲ್ಲ, ಇನ್ನೊಂದು ಮಸೆಯುವವರೆಗೆ ಕಾಯುತ್ತೇನೆಂದು ಕುರ್ಚಿ ಎಳೆದುಕೊಂಡು ಕುಳಿತರು. ಸ್ಕ್ರೂಗೆ ಅಷ್ಟೇ ಸಾಕಾಯಿತು. ಟೀಚರಮ್ಮನಿಗೆ ರಾತ್ರಿಯ ಬಸ್ಸಿನ ಕಥೆ ಗೊತ್ತಿಲ್ಲ ಅನ್ನಿಸುತ್ತೆ, ಹೇಳಿ ಹೇಳಿ, ಎಂದು ನನಗೆ ಕೀಲಿ ಕೊಟ್ಟ. ಹೇಳಬಾರದು ಎಂದು ನಿಶ್ಚಯಿಸಿದ್ದೆ. ಆ ನಿಶ್ಚಯ ಗಟ್ಟಿಯಾಗುವುದರೊಳಗೆ ಬಾಯಿ ಮೇಲ್ಸೇತುವೆಯ ಅರ್ಧಕ್ಕೆ ಹೋಗಿತ್ತು. ಹಾಸಿಗೆ ಆ ಕೋಣೆಯಲ್ಲಿ ಬಿದ್ದಿದೆ ಎಂದು ಎದೆ ಕುಸಿದಷ್ಟೂ ಕಥೆ ಮೇಲೇರಿತು. ಎರಡನೇ ಗೇರು ಸಾಲದೆ ಅವಳು ಒಂದನೆಯದಕ್ಕೆ ಇಳಿದಳು, ಹಲ್ಲಿನಿಂದ ಕಿಡಿ ಹಾರಿ ದಿಂಬಿನ ಚೀಲಕ್ಕೆ ತೂತು ಬಿತ್ತು, ಆ ಬೆಳಕಿನಲ್ಲಿ ನಾನು ಗಡಿಯಾರ ನೋಡಿದೆ. ಕಾಯುತ್ತ ಕುಳಿತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಿಕ್ಷಕಿಯೊಬ್ಬರೇ ನಗದೆ, ಬಾಗಿದ ಕಂಬಗಳ ಕನ್ನಡಕದಿಂದಲೇ ನನ್ನನ್ನು ನೋಡಿದರು.

"ಅಲ್ಲಪ್ಪಾ, ಅವಳು ನಿನ್ನ ಮೇಲೆ ಅಷ್ಟೊಂದು ಹಲ್ಲು ಕಡೀತಾಳೆ ಅಂದ್ರೆ," ಎಂದರು, "ನೀನು ಏನು ಮಾಡ್ದೆ?"

ಅವರು ಕೊಂಕಿನಿಂದ ಕೇಳಲಿಲ್ಲ, ತರಗತಿಯಲ್ಲಿ ಕೇಳುವಂತೆ ಕೇಳಿದರು, ಉತ್ತರ ಗೊತ್ತಿರಬೇಕಾದ ಹುಡುಗನನ್ನು. ಎಲ್ಲರೂ ಇನ್ನೂ ನಗುತ್ತಿದ್ದರು, ನಾನೂ ಹಲ್ಲು ಬಿಟ್ಟುಕೊಂಡು ನಿಂತಿದ್ದೆ, ಒಳಗೆ ಚಕ್ರ ಬರಿದೇ ತಿರುಗುತ್ತಿತ್ತು. ಗಾಜನ್ನು ಮತ್ತೆ ಮಸೆದು ಕೊಟ್ಟು, ತಲೆನೋವು ಎಂದು ಯಜಮಾನರಿಗೆ ಹೇಳಿ, ಸಂಜೆಗೆ ಮೊದಲೇ ಹೊರಬಿದ್ದೆ. ನಿಲ್ದಾಣದಲ್ಲಿ ನಿಂತು ಅವಳ ಬಸ್ಸು ಬರುವವರೆಗೆ ಬೇರೆ ಬಸ್ಸುಗಳನ್ನೆಲ್ಲ ಬಿಟ್ಟೆ. ಏನು ಹೇಳಬೇಕೆಂದು ತಿಳಿದಿರಲಿಲ್ಲ. ರಾತ್ರಿ ಅವಳು ಆ ಕೋಣೆಯ ಬಾಗಿಲು ಹಾಕಿಕೊಳ್ಳುವ ಮೊದಲು ಅವಳನ್ನು ನೋಡಬೇಕು, ಅಷ್ಟೇ.

ಬಸ್ಸು ಬಂತು, ಹಿಂದಿನ ಬಾಗಿಲಿನಿಂದ ಹತ್ತಿ ಕೊನೆಯ ಸಾಲಿನಲ್ಲಿ ದಪ್ಪ ಚೀಲದವನೊಬ್ಬನ ಪಕ್ಕದಲ್ಲಿ ಮುದುಡಿ ಕುಳಿತೆ. ಮುಂದಿನ ಅಗಲ ಕನ್ನಡಿಯಲ್ಲಿ ಅವಳ ಮುಖ ಅಂಗೈಯಷ್ಟು ಕಾಣುತ್ತಿತ್ತು. ಎಷ್ಟು ಕಾಲವಾಯಿತು ನಾನು ಅವಳ ಬಸ್ಸು ಹತ್ತಿ. ರಸ್ತೆಯಾಚೆಯಿಂದ ಒಬ್ಬ ಮುದುಕ ಕೋಲು ಎತ್ತಿ ಓಡಿ ಬರುತ್ತಿದ್ದ, ಓಟ ಎಂದರೆ ಕೋಲಿಗೆ ಮಾತ್ರ, ಕಾಲು ನಡೆಯುತ್ತಿತ್ತು. ಹಿಂದಿನ ಕಾರಿನವನು ಹಾರ್ನ್ ಒತ್ತಿದರೂ ಅವಳು ಸ್ಟಿಯರಿಂಗ್ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕಾದಳು. ಹತ್ತಿದ ಮೇಲೆ ಮುದುಕ ಏನೋ ಅಂದ, ಅವಳು ಏನೋ ಅಂದಳು, ಮುಂದಿನ ಸಾಲು ಇಡೀ ನಕ್ಕಿತು. ಬಟ್ಟೆ ಒಣಗಲು ಹಾಕಿದ ಬಾಲ್ಕನಿಗಳು, ಬಣ್ಣದ ಅಂಗಡಿಯ ಏಣಿಗಳು, ಆಸ್ಪತ್ರೆಯ ಬೇಲಿಗೆ ಒರಗಿ ಹಣ್ಣು ತಿನ್ನುವ ದಾದಿಯರು ಕಿಟಕಿಯಲ್ಲಿ ಜಾರಿಹೋದರು. ಅವಳು ಅಷ್ಟುದ್ದದ ಬಸ್ಸನ್ನು ಆ ತಿರುವಿನಲ್ಲಿ ಹೊರಳಿಸಿದ ರೀತಿ ನೋಡಿ, ಹಾಸಿಗೆಯ ಚಿಂತೆಯಲ್ಲೂ, ಇವಳು ನನ್ನವಳು ಎಂದು ಪಕ್ಕದವನ ಚೀಲಕ್ಕಾದರೂ ಹೇಳಬೇಕು ಎನಿಸಿತು. ದವಡೆ ನೋಡಿದೆ. ಸಡಿಲವಾಗಿತ್ತು. ಯಾರ ಮೇಲೂ ಇರಲಿಲ್ಲ. ಮುಂದೆ ಮೇಲ್ಸೇತುವೆ. ನನ್ನ ಲೋಕಪ್ರಸಿದ್ಧ ಕಿವಿಯನ್ನು ಸಜ್ಜು ಮಾಡಿ ಎರಡನೇ ಗೇರಿಗೆ ಕಾದೆ. ಬಸ್ಸು ಏರಿತು, ತುದಿ ಮುಟ್ಟಿತು, ಇಳಿಯಿತು. ಬೆಣ್ಣೆಯ ಮೇಲೆ ಚಾಕು ಹೋದಂತೆ, ಸದ್ದೇ ಇಲ್ಲ. ಕತ್ತು ಚಾಚಿ ಅವಳ ಎಡಗೈಯ ಕಡೆ ನೋಡಿದೆ. ಗೇರಿನ ಕೋಲು ಇರಬೇಕಾದಲ್ಲಿ ಒಂದು ನೀರಿನ ಬಾಟಲಿ ಇತ್ತು.

ಇದಕ್ಕೆ ಗೇರೇ ಇಲ್ಲ, ಎಂದ ಚೀಲದವನು, ನಾನು ಕೇಳುವ ಮೊದಲೇ. ಕರೆಂಟಿನ ಬಸ್ಸು. ಈ ದಾರಿಗೆ ಬಂದು ತಿಂಗಳ ಮೇಲಾಯಿತು. ದಿನಾ ಇದರಲ್ಲೇ ಓಡಾಡುವ ಸ್ಕ್ರೂಗೂ ಇದು ಗೊತ್ತಿತ್ತು, ಒಳ್ಳೆ ಕಥೆ ಕೆಡಬಾರದೆಂದು ಹೇಳಿರಲಿಕ್ಕಿಲ್ಲ. ಬೆಳಗಿನ ವರದಿ ನೆನಪಾಯಿತು, ಅದರ ಹಿಂದಿನ ದಿನದ್ದು, ಅದರ ಹಿಂದಿನದ್ದು. ತಿಂಗಳಿಡೀ ನಾನು ಕಾಫಿ ಲೋಟ ಎತ್ತಿ ಎರಡನೇ ಗೇರು ಹಾಕಿದ್ದೆ, ಅವಳು ಮುಖ ತಗ್ಗಿಸಿ ಬೆಣ್ಣೆ ಸವರಿದ್ದಳು. ಅವಳು ಹೊಸ ಬಸ್ಸು ಓಡಿಸಲು ಕಲಿತದ್ದು, ಮೊದಲ ದಿನ ಅವಳ ಎಡಗೈ ಇಲ್ಲದ ಕೋಲನ್ನು ತಡಕಿರಬಹುದಾದದ್ದು, ಯಾವುದೂ ನನಗೆ ಗೊತ್ತಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾದವು. ಆದರೆ ಅದರ ಹಿಂದೆಯೇ, ತಡೆಯಲಾಗದೆ, ನಗು ಬಂತು. ಒಬ್ಬನೇ ಕುಳಿತು ಭುಜ ಕುಣಿಸುತ್ತ ನಕ್ಕೆ. ಚೀಲದವನು ಚೀಲವನ್ನು ಆಚೆ ಮಗ್ಗುಲಿಗೆ ಎತ್ತಿಟ್ಟುಕೊಂಡ.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಅವಳು ತಿರುಗದೆ, ಕನ್ನಡಿಯನ್ನೇ ನೋಡುತ್ತ ಹೇಳಿದಳು, "ನಿದ್ದೆ ಇಲ್ದೋರು ಮುಂದೆ ಬನ್ನಿ."

ಹೋಗಿ ಅವಳ ಹಿಂದಿನ ಸೀಟಿನಲ್ಲಿ ಕುಳಿತೆ. ಹತ್ತುವಾಗಲೇ ನೋಡಿದ್ದಳಂತೆ. ಕತ್ತು ಚಾಚಿ ಗೇರು ಹುಡುಕಿದ್ದನ್ನೂ ನೋಡಿದ್ದಳಂತೆ. ನಾನು ಸುಮ್ಮನಿದ್ದರೆ ನಾನಾಗುತ್ತಿರಲಿಲ್ಲ. ನೋಡು, ಎಂದೆ, ಕೈ ಹೊಸ ಬಸ್ಸಿಗೆ ಹೊಂದಿಕೊಳ್ಳುತ್ತೆ, ಹಲ್ಲು ಹಾಗಲ್ಲ. ಹಲ್ಲು ಹಳೇ ಕಾಲದವು, ಅವಕ್ಕೆ ಇನ್ನೂ ಹಳೇ ಬಸ್ಸೇ, ಅವಕ್ಕೆ ಯಾರು ತರಬೇತಿ ಕೊಟ್ಟಿದಾರೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಚೀಲದಿಂದ ಸಾಬೂನಿನ ಪೆಟ್ಟಿಗೆಯಷ್ಟು ಚಿಕ್ಕ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಮಂಜುಗಡ್ಡೆಯಿಂದ ಮಾಡಿದಂತೆ, ಕುದುರೆ ಲಾಳದ ಆಕಾರದ್ದೊಂದು ಇತ್ತು.

ಹಲ್ಲಿನ ಡಾಕ್ಟರು ಕೊಟ್ಟದ್ದು, ರಾತ್ರಿ ಹಲ್ಲು ಕಡಿದರೂ ಸದ್ದಾಗದ ಹಾಗೆ ತೊಡುವ ಕವಚ, ಎಂದಳು. ಬಸ್ಸು ಬದಲಾದ ವಾರವೇ ಹೋಗಿ ಮಾಡಿಸಿಕೊಂಡಿದ್ದಳಂತೆ. ದಿನಾ ದೀಪ ಆರಿಸಿದ ಮೇಲೆ ಹಾಕಿಕೊಳ್ಳುವುದು, ನಾನು ಏಳುವ ಮೊದಲು ತೊಳೆದಿಡುವುದು. ನನಗೆ ಹೇಳಿದರೆ ಮಾರನೆಯ ದಿನ ಅದು ಕನ್ನಡಕದ ಅಂಗಡಿಯ ಕೌಂಟರಿನ ಮೇಲೆ ಇರುತ್ತದೆ ಎಂಬ ಭಯಕ್ಕೇ ಹೇಳಿರಲಿಲ್ಲವಂತೆ. ಹಾಕಿಕೊಂಡ ಮೇಲೂ ಬೆಳಗಿನ ವರದಿ ನಿಲ್ಲದ್ದು ನೋಡಿ, ಗೇರಿನದು ನನ್ನ ಬಾಯಿಯ ಅಲಂಕಾರ ಇರಬಹುದು ಆದರೆ ಸದ್ದು ನಿಜವೇ ಇರಬೇಕು, ತನ್ನ ಹಲ್ಲಿಗೆ ಇದೂ ಸಾಲದು ಎಂದುಕೊಂಡಳಂತೆ. ಬೆಳಗ್ಗೆ ಹಾಸಿಗೆ ಎತ್ತಿದ್ದು ಅದಕ್ಕೇ.

"ಮಧ್ಯಾಹ್ನ ಡಾಕ್ಟರಮ್ಮನಿಗೆ ವಾಪಸ್ ಕೊಡೋಕೆ ಹೋದೆ," ಎಂದಳು. "ಅವರು ಇದನ್ನ ಹಾಕ್ಸಿ, ಇರೋ ಶಕ್ತಿಯೆಲ್ಲಾ ಹಾಕಿ ಕಡೀರಿ ಅಂದ್ರು. ನನ್ನ ಕೆನ್ನೆಗೇ ಕಿವಿ ಇಟ್ಟು ಕೇಳಿದ್ರು. ಒಂದು ಚೂರು ಸದ್ದಿಲ್ಲ. ನಿಮ್ಮ ಯಜಮಾನರ ಕಿವಿ ತಂದು ತೋರ್ಸಿ ಅಂದ್ರು." ಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚಿದಳು. "ಈಗ ಹೇಳು. ಈ ಒಂದು ತಿಂಗಳು ನೀನು ಕೇಳಿದ್ದೇನು?"

ಕಿಟಕಿಯಾಚೆ ಒಬ್ಬಳು ಪಾರಿವಾಳಗಳಿಗೆ ಕಾಳು ಎಸೆಯುತ್ತಿದ್ದಳು. ಅವುಗಳಲ್ಲಿ ಒಂದಾದರೂ ಬಂದು ನನ್ನ ಪರ ವಾದಿಸುತ್ತದೋ ಎಂದು ನೋಡಿದೆ.

"ಏನೂ ಇಲ್ಲ," ಎಂದೆ.

ಒಂದು ಸಲ ಬಾಯಿಬಿಟ್ಟ ಮೇಲೆ ಉಳಿದದ್ದು ತಾನಾಗಿ ಬಂತು. ತಿಂಗಳಿನದ್ದಷ್ಟೇ ಅಲ್ಲ. ಮದುವೆಯ ಹೊಸತರಲ್ಲಿ ಒಂದೇ ಒಂದು ರಾತ್ರಿ, ನೀರು ಕುಡಿಯಲು ಎದ್ದಾಗ ಕೇಳಿದ್ದು, ಅದೂ ಹಲಗೆಯ ಮೇಲೆ ಬಳಪ ಎಳೆದಷ್ಟು ಮೆಲ್ಲಗೆ; ಕೇಳುತ್ತಿರುವಾಗಲೇ ನಿದ್ದೆ ಬಂದುಬಿಟ್ಟಿತ್ತು. ನಿನ್ನ ಅಮ್ಮ ಯಾರ ಮೇಲೋ ಏನೋ ಅಂದ್ರಲ್ಲ, ಎಂದೆ, ಅದು ನಾನೇ ಅಂತ ಹೆದರಿಕೆಯಾಯ್ತು. ಗೆಳೆಯರ ಮುಂದೆ ಆ ಸಾರಿಗೆ ಇಲಾಖೆ ಅಂದ ಮೇಲಂತೂ ಹೆದರಿಕೆ ಇಮ್ಮಡಿ. ಅದಕ್ಕೇ ಸ್ಕೂಟರಿನವನ ಮೇಲೆ ಹಾಕಿದೆ, ಮೇಲ್ಸೇತುವೆಯ ಮೇಲೆ ಹಾಕಿದೆ. ನಿನ್ನ ಸಿಟ್ಟೆಲ್ಲ ಬಸ್ಸಿಗೇ ಖರ್ಚಾಗ್ಲಿ, ನನ್ನವರೆಗೆ ಬರೋದು ಬೇಡ ಅಂತ. ನೀನೂ ನಗುತ್ತಿದ್ದೆ. ನೀನು ನಕ್ಕರೆ ನನಗೆ ಇನ್ನಷ್ಟು ಹೇಳೋಣ ಅನಿಸುತ್ತೆ.

ಅವಳು ಸೀಟಿನಲ್ಲೇ ಪೂರ್ತಿ ತಿರುಗಿ ನನ್ನನ್ನು ನೋಡಿದಳು. ತುಟಿ ಬಿಗಿಹಿಡಿದು ನೋಡಿದಳು, ಆದರೆ ಆ ಒಂದು ಹಲ್ಲು ಬಿಗಿಗೆ ಸಿಗದೆ ಹೊರಗೆ ಬಂದುಬಿಟ್ಟಿತು.

"ನಿನ್ನ ಮೇಲೂ ಕಡಿದಿರ್ತೀನಿ, ಒಂದೊಂದು ಸಲ," ಎಂದಳು. "ಎಲ್ಲಾ ನಿನ್ನ ಮೇಲೇ ಅಂತ ಜಂಬ ಕೊಚ್ಕೋಬೇಡ."

ಇಷ್ಟು ವರ್ಷ ಎದೆಯಲ್ಲಿ ಹೊತ್ತುಕೊಂಡು ತಿರುಗಿದ ಅಪರಾಧವೂ ನಾನೇ ಊದಿಸಿದ ಬಲೂನು ಎಂದು ಅವಳು ಸೂಜಿಯಷ್ಟು ಮಾತಿನಲ್ಲಿ ತೋರಿಸಿದ್ದಳು. ಗಾಳಿ ಹೋದ ಮೇಲೆ ಎಷ್ಟು ಹಗುರ. ಹಾಸಿಗೆ, ಎಂದೆ. ಮನೆಗೆ ಹೋದ ತಕ್ಷಣ ಅದನ್ನು ಇದ್ದಲ್ಲಿ ಹಾಕು, ಧೂಳು ಕೊಡವಿ ಹಾಕು, ಎಂದಳು. ಮರುಪ್ರಯಾಣಕ್ಕೆ ಜನ ಹತ್ತತೊಡಗಿದ್ದರು. ಕೊಡೆ ಮಡಚುತ್ತಿದ್ದ ಹೆಂಗಸೊಬ್ಬಳು, ಶಾಲೆಯ ಚೀಲದ ಹುಡುಗಿಯರು ಇಬ್ಬರು. ಹೊರಡಲು ಗುಂಡಿ ಒತ್ತುವ ಬದಲು ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು.

"ಎಲ್ಲಿ, ಒಂದ್ಸಲ ನೆಟ್ಟಗೆ ಹೇಳು ನೋಡೋಣ. ಕೇಳಿ ಬಸ್ ತೆಗೀತೀನಿ."

"ನಿನ್ನ ಪಕ್ಕ ಮಲಗಿದ್ರೆ ಆಕಾಶ ಕಳಚಿ ಬಿದ್ರೂ ನಂಗೆ ಎಚ್ಚರ ಆಗಲ್ಲ."

"ಆಕಾಶ ಬಿಡು."

"ಭೂಮಿ ಬಾಯ್ಬಿಟ್ರೂ..."

"ಭೂಮೀನೂ ಬಿಡು."

ಎರಡನ್ನೂ ಬಿಟ್ಟ ಮೇಲೆ ಕೈಯಲ್ಲಿ ಉಳಿದದ್ದು ಬೆಳಗ್ಗೆ ನಾಲಗೆಯ ತುದಿಯಿಂದ ಹಿಂದಿರುಗಿದ್ದ ಆ ಇಷ್ಟೇ ಇಷ್ಟು ಮಾತು. ಹಾಗೆಯೇ ಮೆಲ್ಲಗೆ ಹೇಳಿದೆ. ಅವಳು ಕಿವಿಗೆ ಕೈ ಹಿಡಿದು, ಹಿಂದಿನ ಸೀಟಿಗೂ ಕೇಳ್ಲಿ, ಎಂದಳು. ಕೊಡೆಯ ಹೆಂಗಸು ಮಡಚುವುದನ್ನು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ನಂಗೆ ದಿನಾ ಚೆನ್ನಾಗಿ ನಿದ್ದೆ ಬರುತ್ತೆ," ಎಂದೆ, ಹಿಂದಿನ ಸೀಟಿಗೂ ಕೇಳುವಂತೆ. "ನೀನು ಪಕ್ಕದಲ್ಲಿದ್ರೆ."